ತಗ್ಗಿನಲ್ಲಿ ತೂಗಿದ ಬೋರ್ಡು

ಈ ಕಥೆಯನ್ನು ಮೊದಲು ಹೇಳಿದವರು ಗುಂಡಿಯಮ್ಮ. ಕಳೆದ ವರ್ಷ ಚಳಿ ಇಳಿಯುತ್ತಿದ್ದ ಒಂದು ಸಂಜೆ, ಅಕ್ಕನ ಮಗಳ ಹೊಲಿಗೆ ಅಂಗಡಿಯಲ್ಲಿ ಅಂಗಿಗಳಿಗೆ ಗುಂಡಿ ಹಾಕುತ್ತ, ಸುತ್ತ ಕೂತ ನೆರೆಯ ಹೆಂಗಸರಿಗೆ ಹೇಳಿದರು. ಅಕ್ಕನ ಮಗಳು ಹೊರಗೆ ಹೋಗಿದ್ದಳು. ಇದ್ದಿದ್ದರೆ ಹೇಳಲು ಬಿಡುತ್ತಿರಲಿಲ್ಲ.

ಅಕ್ಕನ ಮಗಳು ದರ್ಜಿ, ಆಗ ನಡುವಯಸ್ಸಿನ ಒಂಟಿ ಹೆಂಗಸು. ಎದುರು ಸಾಲಿನಲ್ಲಿ ಬೋರ್ಡು ಬರೆಯುವ ಪೇಂಟರ್. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಹರಿಯದ ಅಂಗಿಯನ್ನೂ ಹೊಲಿಸಲು ತರುತ್ತಿದ್ದರು.

"ಇದರಲ್ಲಿ ಹೊಲಿಯೋಕೆ ಏನಿದೆ?"

"ಹುಡುಕಿ, ಸಿಗುತ್ತೆ," ಎನ್ನುತ್ತ ಕಿವಿಯವರೆಗೂ ಕೆಂಪಾಗುತ್ತಿದ್ದರು.

ಆಮೇಲೆ ಅವರಿಗೆ ಎದೆನೋವು ಶುರುವಾಯಿತು. ನಡೆದರೆ ಹಿಡಿದುಕೊಳ್ಳುವ, ನಿಂತರೆ ಬಿಡುವ ನೋವು. ಡಾಕ್ಟರು ಆಂಜೈನಾ, ಹೃದಯಕ್ಕೆ ರಕ್ತ ಸಾಲದೆ ಬರುವ ನೋವು ಎಂದರು; ದಿನವೂ ನುಂಗಲು ಒಂದು ಮಾತ್ರೆ, ನೋವು ಬಂದಾಗ ನಾಲಿಗೆಯಡಿ ಇಟ್ಟುಕೊಳ್ಳಲು ಇನ್ನೊಂದು ಕೊಟ್ಟರು. ನೋವು ಹಿಂಜರಿಯಿತು. ಜೊತೆಗೆ ಪೇಂಟರೂ ಹಿಂಜರಿದರು.

ಒಮ್ಮೆ ತೋಳಿನ ಅಳತೆ ತೆಗೆಯುವಾಗ ಅವರ ಬೆರಳು ಆಕೆಗೆ ತಗುಲಿತು. ಬಾವಿನೀರಿನಂತೆ ತಣ್ಣಗಿತ್ತು. ಥಟ್ಟನೆ ಕೈ ಎಳೆದುಕೊಂಡರು.

"ಯಾಕೆ, ನಾನೇನು ಕಚ್ತೀನಾ?"

"ಇಲ್ಲ, ತಲೆ ಭಾರ..." ಎಂದು ಹೊರಟೇಬಿಟ್ಟರು.

ಇವರಿಗೆ ನಾನು ಬೇಡವಾದೆ ಎಂದುಕೊಂಡಳು ಆಕೆ. ಹಟಕ್ಕೆ ಬಿದ್ದು, ಬಾಗಿಲ ಮೇಲಿನ ಗೋಡೆಗೆ ಅಂಗಡಿಯ ಹೆಸರು ಬರೆಯಬೇಕೆಂದು ಹೇಳಿಕಳಿಸಿದಳು.

ಬಂದರು, ಮಡಚುವ ಏಣಿ ಹತ್ತಿದರು. ಎರಡನೆಯ ಅಕ್ಷರದ ತಲೆಕಟ್ಟಿನಲ್ಲಿ ಬ್ರಷ್ ನಿಂತಿತು. ಆಕೆ ತಲೆಯೆತ್ತಿದಳು. ಅವರ ಎಡಗೈ ಎದೆಯ ಮೇಲಿತ್ತು, ಮುಖ ಸುಣ್ಣದಂತಾಗಿತ್ತು. ಬಲಗೈ ಪುಟ್ಟ ಮಾತ್ರೆಯನ್ನು ನಾಲಿಗೆಯಡಿ ಇಡುತ್ತಿತ್ತು. ಏಣಿಯ ಮೇಲೆ, ನಿಂತಲ್ಲೇ.

ಆ ಮಾತ್ರೆಯನ್ನು ಕೂತೇ ಇಟ್ಟುಕೊಳ್ಳಬೇಕು, ಇಲ್ಲವಾದರೆ ರಕ್ತದೊತ್ತಡ ಇಳಿದು ತಲೆ ಸುತ್ತುತ್ತದೆ ಎಂದು ಅವರೇ ಹಿಂದೊಮ್ಮೆ ಹೇಳಿದ್ದರು.

"ಕೂತ್ಕೊಳ್ಳಿ! ಅಲ್ಲೇ ಕೂತ್ಕೊಳ್ಳಿ!"

ಏಣಿಯ ತುದಿಯಲ್ಲಿ ಕುಸಿದು ಕೂತರು. ಆಕೆ ಓಡಿ ಅವರ ಕಾಲುಗಳನ್ನು ಏಣಿಗೆ ಒತ್ತಿ ಅಪ್ಪಿ ಹಿಡಿದಳು. ಬಿಟ್ಟರೆ ಅವರು ಬೀಳುತ್ತಾರೆ. ಬಿಡದೆ ಯಾರನ್ನೂ ಕರೆತರಲಾಗದು. ರಸ್ತೆಯಲ್ಲಿ ನರಪಿಳ್ಳೆಯೂ ಇಲ್ಲ.

"ಚಿಕ್ಕಮ್ಮಾ!" ಕೂಗಿಗೆ ಗುಂಡಿಯಮ್ಮ ಹಿಂದಿನ ಕೋಣೆಯಿಂದ ಓಡಿಬಂದು ಏಣಿ ಹಿಡಿದರು.

"ದಿನದ ಮಾತ್ರೆ ತಗೊಂಡಿದೀರಾ?" ಆಕೆ ಕೇಳಿದಳು. ಅವರು ಮುಖ ತಿರುಗಿಸಿದರು. "ನಿಮ್ಮನ್ನೇ ಕೇಳ್ತಿರೋದು!"

"ನಿಲ್ಲಿಸಿದೀನಿ."

"ಯಾಕೆ? ಸಾಯೋಕಾ?"

"ತಗೊಂಡ್ರೆ ಕೈ ಮರಗಟ್ಟುತ್ತೆ, ಏಣಿ ಮೇಲೆ ಕಣ್ಣು ಕತ್ತಲೆ ಬರುತ್ತೆ. ಮತ್ತೆ..." ಕಣ್ಣು ಮುಚ್ಚಿದರು. "ನಿಮ್ಮನ್ನ ಕಂಡ್ರೆ ಎದೆ ಡವಡವ ಅಂತಿತ್ತು. ಮಾತ್ರೆ ಶುರುವಾದ್ಮೇಲೆ ಏನೂ ಆಗದವರ ಥರ ಸುಮ್ಮನಿರುತ್ತೆ. ಆ ಆಸೇನೂ ಸತ್ತುಹೋಯ್ತೇನೋ ಅಂತ ಭಯ ಆಯ್ತು."

ಆಕೆ ಹಿಡಿತ ಬಿಗಿ ಮಾಡಿದಳು. "ಪೆದ್ದು! ನನ್ನೆದೆ ಇಬ್ಬರಿಗೂ ಆಗೋಷ್ಟು ಹೊಡ್ಕೊಳ್ತಿದೆ. ಕಾಲಿಗೆ ತಾಗ್ತಿಲ್ವಾ?"

"ತಾಗ್ತಿದೆ," ಎಂದರು ಮೆಲ್ಲಗೆ.

ನೋವು ಇಳಿದ ಮೇಲೆ ಇಬ್ಬರೂ ಸೇರಿ ಅವರನ್ನು ಇಳಿಸಿ ನೇರ ಆಸ್ಪತ್ರೆಗೆ ಕರೆದೊಯ್ದರು. ಡಾಕ್ಟರು ಬೈದರು, ದಿನದ ಮಾತ್ರೆಯನ್ನು ಹೇಳದೆ ಕೇಳದೆ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ ಎಂದು ಹೇಳಿ ಪ್ರಮಾಣ ತಗ್ಗಿಸಿದರು. ತಲೆಸುತ್ತು ಕಡಿಮೆಯಾಯಿತು, ಕೈಗಳ ತಂಪು ಉಳಿಯಿತು. ಆಕೆ ಬೆರಳ ತುದಿ ತೆರೆದ ಕೈಗವಸು ಹೊಲಿದಳು. ಮದುವೆಯೂ ಆಯಿತು. ಏಣಿಯನ್ನು ಮಾತ್ರ ಆಕೆ ಮಾರಿಬಿಟ್ಟಳು. ಅವರು ನೆಲದ ಮೇಲೆ ಕೂತು ಅಂಗಡಿಯ ಹೆಸರನ್ನು ಹಲಗೆಗೆ ಬರೆದರು. ಬಾಗಿಲಲ್ಲಿ, ನಿಂತು ಕೈಗೆಟಕುವಷ್ಟು ತಗ್ಗಿನಲ್ಲೇ ತೂಗುಹಾಕಿದರು; ಒಳಬರುವವರು ತಲೆ ಬಗ್ಗಿಸಲೇಬೇಕು.

"ಈಗ ಭಯ ಹೋಯ್ತಾ?" ಕೇಳುತ್ತಿದ್ದವರಲ್ಲೊಬ್ಬಳು ಅಂದಳು.

"ಎಲ್ಲಿ ಹೋಗುತ್ತೆ? ಅವರು ಕೆಮ್ಮಿದ್ರೂ ಇವಳ ಮಿಷನ್ ನಿಲ್ಲುತ್ತೆ." ಗುಂಡಿಯಮ್ಮ ಬಾಗಿಲ ಕಡೆ ನೋಡಿದರು. "ಇವತ್ತು ಚೆಕಪ್ಪು. ಇಷ್ಟೊತ್ತಿಗೆ ಬರಬೇಕಿತ್ತು."

ಎಲ್ಲರ ಕಣ್ಣೂ ಬಾಗಿಲಿಗೆ ಹೋಯಿತು. ಸೂಜಿಯೂ ನಿಂತಿತು.

ಬೋರ್ಡಿನಡಿ ಎರಡು ತಲೆಗಳು ಬಗ್ಗಿದವು.

"ಏನು ಚಿಕ್ಕಮ್ಮ, ಎಲ್ಲರೂ ಸುಮ್ಮನೆ ಕೂತಿದೀರಿ?"

"ಗುಂಡಿ ಎಣಿಸ್ತಿದ್ವಿ ಕಣೆ," ಎಂದು ಗುಂಡಿಯಮ್ಮ ಹಲ್ಲಿನಿಂದ ದಾರ ಕಡಿದರು.

ಕೇಳುಗರು ನಗು ನುಂಗಿಕೊಂಡು ಎದ್ದರು. ಬಾಗಿಲಲ್ಲಿ ಒಬ್ಬೊಬ್ಬರಾಗಿ ತಲೆ ತಗ್ಗಿಸಿ ತಮ್ಮ ತಮ್ಮ ಮನೆಗೆ ಹೋದರು.