ನಾಲ್ಕನೇ ನಂಬರ್ ಬಸ್ಸಿನ ಡ್ರೈವರ್

ಮಾರ್ಚ್ ಹನ್ನೆರಡು, ಬೆಳಿಗ್ಗೆ 9.40. ಆಸ್ಪತ್ರೆಯಿಂದ ನೇರವಾಗಿ ಠಾಣೆಗೆ ಬಂದ ಹೆಂಗಸಿನ ಒಂದು ಕಾಲಲ್ಲಿ ಮಾತ್ರ ಚಪ್ಪಲಿ ಇತ್ತು.

“ನನ್ನ ಗಂಡನ್ನ ಹೊಡೆದು ಕೊಂದ್ಬಿಟ್ಟ ಸಾರ್.”

ಗಂಡ ನಾಲ್ಕನೇ ನಂಬರ್ ಬಸ್ಸಿನ ಡ್ರೈವರ್. 7.10ಕ್ಕೆ ಡಿಪೋದಲ್ಲಿ ಕುಸಿದು ಬಿದ್ದವನು 8.50ಕ್ಕೆ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದ. ಆಕೆ ಬೊಟ್ಟು ಮಾಡಿದ್ದು ಅದೇ ಬಸ್ಸಿನ ಕಂಡಕ್ಟರ್ ಕಡೆಗೆ. ಹನ್ನೊಂದು ವರ್ಷ ಜೊತೆಗೆ ದುಡಿದವರು, ಒಂದೇ ತಟ್ಟೆಯಲ್ಲಿ ಉಂಡವರು. ಕೊಲೆ ಎಂದು ಎಫ್‌ಐಆರ್ ದಾಖಲಾಯಿತು.

ಡಿಪೋದಲ್ಲಿ ಪಂಚನಾಮೆ ನಡೆಯಿತು. ಬಸ್ಸಿನ ಬಾಗಿಲ ಬಳಿ ರಕ್ತವಿಲ್ಲ, ದೊಣ್ಣೆಯಿಲ್ಲ.

“ಕೀಲಿಗೋಸ್ಕರ ಕಿತ್ತಾಡಿದ್ರು ಸಾರ್,” ಎಂದ ಮೆಕ್ಯಾನಿಕ್. “ಆಮೇಲೆ ಕಂಡಕ್ಟರ್ ಅವನ ಸೊಂಟಕ್ಕೆ ಕೈ ಹಾಕಿದ. ಡ್ರೈವರಣ್ಣ ಅಯ್ಯೋ ಅಂತ ಬಿದ್ದೇಬಿಟ್ಟ.”

ಇನ್‌ಸ್ಪೆಕ್ಟರ್ ಡ್ರೈವರನ ಸರ್ವಿಸ್ ಕಡತವನ್ನೂ ವಶಕ್ಕೆ ತೆಗೆದುಕೊಂಡರು. ಅಭ್ಯಾಸಬಲ, ಅಷ್ಟೆ.

ಕಂಡಕ್ಟರ್‌ನನ್ನು ಠಾಣೆಗೆ ಕರೆತಂದರು.

“ಹೊಡೆದೆಯಾ?”

“ಇಲ್ಲ.”

“ಕೀಲಿ ಯಾಕೆ ಕಿತ್ಕೊಂಡೆ?”

ಕಂಡಕ್ಟರ್ ಟೀ ಮಾತ್ರ ಕೇಳಿದ, ಅದೂ ಸಕ್ಕರೆ ಬೇಡವೆಂದ.

“ಉಪ್ಪು ತಿಂದವನು ನೀರು ಕುಡೀಲೇಬೇಕು. ಇವನಿಗೆ ಟೀನೇ ಬೇಕಂತೆ,” ಎಂದು ದಫೇದಾರ್ ಗೊಣಗಿದರು.

ಮಧ್ಯಾಹ್ನ 3.30, ಆಸ್ಪತ್ರೆ. ಶವಪರೀಕ್ಷೆ ಮುಗಿಸಿದ ವೈದ್ಯೆ ಕೈ ಒರೆಸಿಕೊಳ್ಳುತ್ತ ಬಂದರು.

“ಮೈಮೇಲೆ ಒಂದು ಗೀರೂ ಇಲ್ಲ. ರಕ್ತನಾಳಗಳಿಗೇ ಉರಿಯೂತ. ಎಡಗಡೆ ಕಿಡ್ನಿಯಲ್ಲಿ ಅವು ಅಲ್ಲಲ್ಲಿ ಉಬ್ಬಿವೆ. ಒಂದು ತಾನಾಗೇ ಒಡೆದು, ಕಿಡ್ನಿ ಸುತ್ತ ಒಂದೂವರೆ ಲೀಟರ್ ರಕ್ತ ತುಂಬಿದೆ.”

“ಯಾರೂ ಹೊಡೆಯದೆ?”

“ಯಾರೂ ಮುಟ್ಟದೆ. ತಿಂಗಳುಗಳಿಂದ ಇರೋ ಕಾಯಿಲೆ, ಮೂತ್ರದಲ್ಲಿ ರಕ್ತ ಹೋಗ್ತಾ ಇದ್ದಿರಬೇಕು. ಆಗಲೇ ಗೊತ್ತಾಗಿದ್ರೆ ಔಷಧಿ ಇತ್ತು.”

ಇನ್‌ಸ್ಪೆಕ್ಟರ್ ದಂಗಾದರು. ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ಕೊಲೆಗಾರನೇ ಇಲ್ಲದ ಕೊಲೆ ಇದೇ ಮೊದಲು. ಕಡತ ಬಿಚ್ಚಿದರು. ಇಪ್ಪತ್ತು ದಿನದ ಹಿಂದಿನ ಫಿಟ್‌ನೆಸ್ ವರದಿ ಇತ್ತು: ಮೂತ್ರದಲ್ಲಿ ರಕ್ತವಿಲ್ಲ, ಸ್ವಲ್ಪ ಸಕ್ಕರೆ ಇದೆ, ಬಸ್ ಓಡಿಸಬಹುದು.

“ಇವನಿಗೆ ಸಕ್ಕರೆ ಕಾಯಿಲೆ ಇತ್ತಾ?”

“ಇರಲಿಲ್ಲ. ಬೆಳಿಗ್ಗೆ ಇಲ್ಲಿಗೆ ತಂದಾಗಲೇ ರಕ್ತ ಪರೀಕ್ಷೆ ಮಾಡಿದ್ರಲ್ಲ.”

“ಸಾರ್, ಆ ಸಕ್ಕರೆ ಇಲ್ಲದ ಟೀ...” ಎಂದ ದಫೇದಾರ್ ತೆರೆದ ಬಾಯಿ ಮುಚ್ಚಲಿಲ್ಲ.

ಸಂಜೆ 5.15, ಠಾಣೆ.

“ಫಿಟ್‌ನೆಸ್ ಪರೀಕ್ಷೆಗೆ ಕೊಟ್ಟ ಬಾಟ್ಲಿಯಲ್ಲಿದ್ದ ಮೂತ್ರ ಯಾರದ್ದು?”

ಕಂಡಕ್ಟರ್ ಕುಸಿದು ಕೂತ. “ನಂದು ಸಾರ್. ಕೆಂಪಗೆ ಹೋಗ್ತಿದೆ, ಫೇಲಾದ್ರೆ ಬಸ್ಸಿಂದ ಇಳಿಸ್ತಾರೆ ಅಂತ ಅತ್ತುಬಿಟ್ಟ. ಇಂಜಿನ್ ಪಕ್ಕ ಕೂತು ಕೂತು ಉಷ್ಣ ಆಗಿದೆ ಅಂದ್ಕೊಂಡ್ವಿ. ಇವತ್ತು ಸೊಂಟ ಹಿಡ್ಕೊಂಡು ಬೆವರ್ತಿದ್ದ. ಓಡಿಸ್ಬೇಡ ಅಂತ ಕೀಲಿ ಕಿತ್ಕೊಂಡೆ. ಬೀಳೋದನ್ನ ನೋಡಿ ತಬ್ಬಿ ಹಿಡಿದೆ.”

“ಬೆಳಿಗ್ಗೇನೇ ಯಾಕೆ ಬೊಗಳಲಿಲ್ಲ?”

“ಸತ್ತವನ ಹೆಸರು ಕೆಡುತ್ತಲ್ಲ.”

“ಬಸ್ಸಲ್ಲಿ ಐವತ್ತು ಜನ ಇರ್ತಾರೆ. ಅದು ನೆನಪಿತ್ತಾ?”

“ಇವತ್ತು ನೆನಪಾಯ್ತು.”

ಕೊಲೆಯ ಆರೋಪ ಕೈಬಿಟ್ಟು, ವಂಚನೆಯ ಆರೋಪದ ಮೇಲೆ 6.05ಕ್ಕೆ ದಸ್ತಗಿರಿ ಮಾಡಿದರು. ಬಂಧನದ ಸುದ್ದಿ ಯಾರಿಗೆ ತಿಳಿಸಬೇಕೆಂದು ದಫೇದಾರ್ ಕೇಳಿದರು. ಅವನಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಹನ್ನೊಂದು ವರ್ಷದಿಂದ ಅವನ ರಾತ್ರಿಯ ಊಟ ಡ್ರೈವರನ ಮನೆಯಲ್ಲೇ. ಗೆಳೆಯ ಬಸ್ಸಿಂದ ಇಳಿದರೆ ಆ ಮನೆಯೂ ತನಗೆ ತಪ್ಪಿಹೋಗುತ್ತದೆಂದು ಹೆದರಿಯೇ ಅವನು ಬಾಟ್ಲಿ ತುಂಬಿಕೊಟ್ಟಿದ್ದ.

“ಅತ್ತಿಗೆಗೆ ತಿಳಿಸಿ,” ಎಂದ.

ಹೊರಗಿನ ಬೆಂಚಿನಲ್ಲಿದ್ದ ಆಕೆಗೆ ಎಲ್ಲವನ್ನೂ ಓದಿ ಹೇಳಿದರು. ಆಕೆ ಎದ್ದು ಲಾಕಪ್ಪಿನ ಹತ್ತಿರ ಹೋದಳು.

“ನನಗೆ ಒಂದು ಮಾತು ಹೇಳ್ಬಾರದಿತ್ತೇನೋ? ದರದರ ಎಳ್ಕೊಂಡು ಹೋಗಿ ಆಸ್ಪತ್ರೆಗೆ ಹಾಕ್ತಿದ್ದೆನಲ್ಲೋ!”

ದಫೇದಾರ್ ಬಂಧನದ ಕಾಗದವನ್ನು ಆಕೆಯ ಮುಂದಿಟ್ಟು, ಆರೋಪಿ ನಿಮಗೆ ಏನಾಗಬೇಕು ಎಂದು ಕೇಳಿದರು. ಆಕೆ ಪೆನ್ನು ಕೈಗೆ ತೆಗೆದುಕೊಂಡಳು.

“ಮೈದುನ ಅಂತ ಬರ್ಕೊಳ್ಳಿ,” ಎಂದು ಸಹಿ ಹಾಕಿದಳು.