ಅರ್ಧ ಗಂಟೆಯ ನೀಲಿ

"ಲೇಬಲ್ ಇಲ್ಲಿ ಕೊಡಿ, ಶಿವಮಲ್ಲು ಅವ್ರೇ. ಪರೀಕ್ಷೆ ಮಾಡೋಳು ನಾನೇ!"

ಅವನು ಪ್ರಯೋಗಾಲಯದ ಬಾಗಿಲಲ್ಲೇ ನಿಂತುಬಿಟ್ಟ.

"ಸಿಂಧು... ನೀನಿಲ್ಲಿ?"

ಅವಳು ಲೇಬಲ್‌ಗೆ ಕೈ ಚಾಚಿದಳು. ಮೂರು ವರ್ಷ ಕಾದಿದ್ದಳು, ಈ ಒಂದು ದಿನಕ್ಕಾಗಿ!

ಚಾಮರಾಜನಗರದ ಈ ಕಾಲೇಜಿನಲ್ಲೇ ಇಬ್ಬರೂ ಒಟ್ಟಿಗೆ ಸಂಶೋಧನೆಗೆ ಸೇರಿದ್ದರು. ಬೆಳಕು ಬಿದ್ದರೆ ನೀಲಿಯಾಗಿ, ಕತ್ತಲಲ್ಲಿ ಮೆಲ್ಲಗೆ ಬಣ್ಣ ಕಳೆದುಕೊಳ್ಳುವ ಅಣುವೊಂದನ್ನು ಸಿಂಧು ರೂಪಿಸಿದ್ದಳು. ನೀಲಿ ಆರು ಗಂಟೆ ನಿಲ್ಲುತ್ತದೆ ಎಂದು ಬರೆದಿದ್ದಳು. ಅವನು ಮತ್ತೆ ಅಳೆದು, "ಅರ್ಧ ಗಂಟೆಯೂ ನಿಲ್ಲಲ್ಲ" ಎಂದು ಗೈಡ್ ನಂಜಯ್ಯನವರಿಗೆ ಹೇಳಿಬಿಟ್ಟ. ಅವಳನ್ನು ಒಂದು ಮಾತೂ ಕೇಳದೆ! ಸುಳ್ಳುಗಾತಿ ಎಂಬ ಹೆಸರು ಹೊತ್ತು ಅವಳು ಪಿಎಚ್‌ಡಿ ಬಿಟ್ಟಳು. ಪ್ರೀತಿಸಿದವನೇ ಹೀಗೆ ಮಾಡಿದರೆ...

ಈ ಜೂನ್‌ನಿಂದ ಲ್ಯಾಬಿನ ಉಸ್ತುವಾರಿ ಅವಳದು; ಬೇರೆ ಕಡೆ ಕೆಲಸಕ್ಕೆ ಸೇರಿದ್ದ ಅವನಿಗೆ ಅದು ಗೊತ್ತಿರಲಿಲ್ಲ. ಇವತ್ತು ಪರೀಕ್ಷೆಗೆ ಒಳಗಾಗುವ ಸರದಿ ಅವನದು. ಲಸಿಕೆ ಪೆಟ್ಟಿಗೆಗೆ ಅಂಟಿಸುವ ನೀಲಿ ಲೇಬಲ್ ತಂದಿದ್ದ. ಪೆಟ್ಟಿಗೆ ಬಿಸಿಯಾದರೆ ಬಣ್ಣ ಮಾಸಿ ಎಚ್ಚರಿಸಬೇಕು. ಮೂವತ್ತಾರು ಡಿಗ್ರಿಯಲ್ಲಿ ಸರಿಯಾಗಿ ಅರ್ಧ ಗಂಟೆ ಎಂದು ಬರೆದಿದ್ದ.

ಒಂದು ನಿಮಿಷ ಹೆಚ್ಚುಕಡಿಮೆ ಆಗಲಿ ಸಾಕು... ಪಕ್ಕದ ಕೋಣೆಯಲ್ಲಿ ಕೂತಿರುವ ನಂಜಯ್ಯ, ಆರೋಗ್ಯ ಇಲಾಖೆಯ ಅಧಿಕಾರಿಗಳು, ಎಲ್ಲರೆದುರು ಇವನ ಮಾನ ಕಳೆಯುತ್ತೇನೆ!

ಲೇಬಲನ್ನು ಮೂವತ್ತಾರು ಡಿಗ್ರಿಯಲ್ಲಿಟ್ಟು ನಿಮಿಷ ಎಣಿಸಿದಳು. ಇಪ್ಪತ್ತೆಂಟು... ಇಪ್ಪತ್ತೊಂಬತ್ತು...

ಮೂವತ್ತನೇ ನಿಮಿಷಕ್ಕೆ ನೀಲಿ ಪೂರ್ತಿ ಮಾಸಿತು.

ಹಲ್ಲು ಕಚ್ಚಿ, ಅವನು ತಂದಿದ್ದ ಅಳತೆಯ ಪುಸ್ತಕ ಎಳೆದುಕೊಂಡಳು. ಮೊದಲ ಪುಟದಲ್ಲಿ ಹಳೆಯ ಅಣುವಿನ ಅಳತೆ: ಹನ್ನೆರಡು ಡಿಗ್ರಿ, ಆರು ಗಂಟೆ.

ಅವಳದೇ ಅಣು. ಅವಳದೇ ಅಂಕಿ!

"ಕಳ್ಳ! ಅವತ್ತು ಸುಳ್ಳು ಅಂದೋನು, ಇವತ್ತು ನಂದನ್ನೇ ಕದ್ದಿದ್ದೀಯಾ?"

"ಬೈಯಮ್ಮಿ, ಆಮೇಲೆ ಬೈಯಿ. ಅವತ್ತು ಎಲ್ಲಿ ಅಳೆದಿದ್ದೆ, ಹೇಳು."

"ನಮ್ಮೂರಲ್ಲಿ. ಡಿಸೆಂಬರ್ ರಜದಲ್ಲಿ."

"ಗೋಪಾಲಸ್ವಾಮಿ ಬೆಟ್ಟದ ಬುಡದ ಚಳೀಲಿ! ನಾನು ಅಳೆದದ್ದು ಇಲ್ಲಿ, ಏಪ್ರಿಲ್ ಸೆಕೇಲಿ. ಬಿಸಿ ಏರಿದಷ್ಟೂ ಅದು ಬೇಗ ಮಾಸ್ತದೆ. ಡಿಗ್ರಿ ಎಷ್ಟು ಅಂತ ನೀನೂ ಬರೀಲಿಲ್ಲ, ನಾನೂ ಕೇಳ್ನಿಲ್ಲ."

ಸಿಂಧು ಪುಸ್ತಕದಲ್ಲಿದ್ದ 'ಹನ್ನೆರಡು ಡಿಗ್ರಿ'ಯನ್ನು ಮತ್ತೆ ಓದಿದಳು.

"ಓದ ವರ್ಸ ನಿನ್ನ ಉಡುಕ್ಕೊಂಡು ನಿಮ್ಮೂರು ಗುಂಡ್ಲುಪೇಟೆಗೆ ಬಂದಿದ್ದೆ. ನಿಮ್ಮವ್ವ ಬಾಗ್ಲು ತೆಗೀನಿಲ್ಲ. ಬೆಟ್ಟದ ಮೇಲೋಗಿ ಕೂತೆ. ಜೇಬಲ್ಲಿದ್ದ ನಿನ್ನ ನೀಲೀನ ಬಂಡೆ ಸಂದಿನ ಕತ್ತಲಲ್ಲಿ ಇಟ್ರೆ, ಎಷ್ಟೊತ್ತಾದ್ರೂ ಓಗ್ಲೇ ಇಲ್ಲ ಕಣಮ್ಮಿ... ಅಲ್ಲೇ ಅಳೆದು ಬರ್ಕೊಂಡೆ. ಆಮೇಲೆ ಅದೇ ಅಣುವಿಗೆ ಒಂದು ಕೊಂಡಿ ಸೇರಿಸ್ದೆ, ಬಿಸಿಗೆ ಸರಿಯಾಗಿ ಅರ್ಧ ಗಂಟೇಲೇ ಮಾಸೋ ಹಂಗೆ. ಪೇಟೆಂಟ್ ಅರ್ಜೀಲಿ ನಿನ್ನೆಸ್ರೇ ಮೊದ್ಲು. ನಿನ್ನ ಸಹಿಗೇ ಕಾದದೆ."

ಕಣ್ಣು ತುಂಬಿದರೂ ಅವಳು ಕರಗಲಿಲ್ಲ.

"ನನ್ನ ಮುಂದೆ ಹೇಳಿದ್ರೆ ಸಾಲ್ದು. ಒಳಗೆ ಕೂತಿದ್ದಾರಲ್ಲ, ಅವರ ಮುಂದೆ ಹೇಳು!"

ಅವನು ಹೋಗಿ ಹೇಳಿದ. "ಸಿಂಧು ಅಳತೆ ಸರಿಯಾಗಿತ್ತು ಸಾರ್. ತಪ್ಪು ಮಾಡಿದ್ದು ನಾನು." ನಂಜಯ್ಯ ಎದ್ದು ಬಂದು, "ಕ್ಷಮಿಸಮ್ಮ" ಎಂದರು.

ಎಲ್ಲರೂ ಹೋದ ಮೇಲೆ ಅವನು ಹತ್ತಿರ ಬಂದ.

"ಸೇಡು ತೀರ್ತಾ?"

"ಇಷ್ಟಕ್ಕೇ ಬುಡ್ತೀನಾ? ದಿನಾ ಬೈತೀನಿ."

"ಎಷ್ಟು ದಿನ?"

"ಸಾಯೋಗಂಟ!"

ಅವನು ಅವಳ ಕೈ ಹಿಡಿದ. ಅವಳು ಬಿಡಿಸಿಕೊಳ್ಳಲಿಲ್ಲ.

"ಸರಿ... ಈಗ್ಲೇ ಸುರು ಮಾಡು."