ಗೋಡೆಗೆ ಬಳಿದ ಕಡುಹಸಿರು

“ಗೋಡೆ ಮುಟ್ಬ್ಯಾಡ!”

ಮದುವೆಯಾಗಿ ಕೊಳ್ಳೇಗಾಲದ ಮನೆಗೆ ಕಾಲಿಟ್ಟ ದಿನ ಗಂಡ ಸದಾಶಿವಪ್ಪ ಆಡಿದ ಮೊದಲ ಮಾತು ಅದು! ಮಾಂಬಳ್ಳಿಯ ಹುಡುಗಿ ಚನ್ನಾಜಮ್ಮ ಬೆಚ್ಚಿಬಿದ್ದಳು. ಅಷ್ಟರಲ್ಲಿ ಅಂಗೈಗೆ ಹಸಿ ಬಣ್ಣ ಮೆತ್ತಿಕೊಂಡಿತ್ತು.

ಎಂಥ ಹಸಿರು ಅಂತೀರಿ... ಮಂಕು ಕವಿದ ಕಡುಹಸಿರು, ಹಾಳುಬಾವಿಯ ಪಾಚಿಯಂಥದ್ದು. ಊರೆಲ್ಲ ಸುಣ್ಣ ಬಳಿಯುವ ಕಾಲದಲ್ಲಿ ಅವಳಿಗೆಂದು ಕೊಟ್ಟ ಈ ಕೋಣೆಗೆ ಮಾತ್ರ ಎಣ್ಣೆಬಣ್ಣ! ಹಗಲಲ್ಲೇ ಕತ್ತಲೆ. ವಾಸನೆಗೆ ತಲೆ ಸುತ್ತಿತು.

‘ನಾನು ಇಷ್ಟವಿಲ್ಲ ಇವರಿಗೆ... ಇಲ್ಲದಿದ್ದರೆ ಹೊಸ ಹೆಣ್ಣಿಗೆ ಇಂಥ ಕೋಣೆ ಕೊಡುತ್ತಿದ್ದರೇ?’

ಪಕ್ಕದ ನಡುಮನೆಯಲ್ಲಿ ರೇಷ್ಮೆಹುಳು ಸಾಕಿದ್ದರು. ಇನ್ನೇನು ಗೂಡು ಕಟ್ಟಬೇಕಾದ ಹುಳುಗಳು. ಅವು ಸೊಪ್ಪು ಮೇಯುವ ಸದ್ದು ಮಾರನೆಯ ದಿನ ಕಡಿಮೆಯಾಯಿತು. ಆಮೇಲೆ ಕೇಳಿಸದಷ್ಟಾಯಿತು! ಎಷ್ಟೋ ಹುಳುಗಳು ತಲೆ ಎತ್ತಿ ಅಲ್ಲಾಡಿಸಿ, ಹಸಿರು ನೀರು ಕಕ್ಕಿ ಸತ್ತವು.

ಅತ್ತೆ ಶಿವರತ್ನಮ್ಮ ಹಣೆ ಚಚ್ಚಿಕೊಂಡರು. “ಅಯ್ಯೋ ಮಾದಪ್ಪಾ! ಈ ಮನೇಲಿ ಯಾವತ್ತೂ ಇಂಗೆ ಆಗಿರ್ನಿಲ್ಲ. ಇದು ಇವಳ ಕಾಲ್ಗುಣ! ಬೆಳಗಾದ್ರೆ ಗಾಡಿ ಕಟ್ಟುಸ್ತೀನಿ, ಮಾಂಬಳ್ಳಿಗೆ ಓಗ್ಬುಡ್ಲಿ.”

ಕಾಲ್ಗುಣ ಕೆಟ್ಟದ್ದೆಂದು ತವರಿಗೆ ಮರಳಿದ ಹೆಣ್ಣಿಗೆ ಬಾಳುಂಟೇ?

ಚನ್ನಾಜಮ್ಮ ಕಣ್ಣೊರೆಸಿಕೊಂಡು ಹುಳುಗಳ ತಟ್ಟೆಗಳನ್ನು ನೋಡಿದಳು. ಅವಳೂ ಹುಳು ಸಾಕಿದ ಮನೆಯವಳೇ. ಹಸಿರು ಕೋಣೆಯ ಬಾಗಿಲ ಬಳಿಯ ತಟ್ಟೆಗಳಲ್ಲಿ ಒಂದು ಹುಳುವೂ ಉಳಿದಿರಲಿಲ್ಲ. ತಲೆಬಾಗಿಲ ಪಕ್ಕದವು ಇನ್ನೂ ಸೊಪ್ಪು ತಿನ್ನುತ್ತಿದ್ದವು!

ಬೆಳಿಗ್ಗೆ ಗಾಡಿ ಬಂದು ನಿಂತಿತು. ಚನ್ನಾಜಮ್ಮ ಗಂಟು ಹಿಡಿದು ನೇರ ಗಂಡನ ಮುಂದೆ ಬಂದಳು.

“ಉಳ ಇರೋ ಮನೇಲಿ ಒಗ್ಗರಣೆ ಘಾಟೂ ಆಗಬಾರ್ದು ಅಂತ ನಿಮಗೆ ಗೊತ್ತಿಲ್ವಾ? ಎಣ್ಣೆಬಣ್ಣ ಯಾಕ್ ಬಳುದ್ರಿ? ನನ್ನ ಓಡ್ಸಕ್ಕಾ?”

ಸದಾಶಿವಪ್ಪನ ಮುಖ ಬಿಳಿಚಿಕೊಂಡಿತು.

“ಬಣ್ಣದಿಂದ್ಲಾ...! ಬಾಗ್ಲು ಆಕಿದ್ರೆ ವಾಸ್ನೆ ಬರಲ್ಲ ಅನ್ಕಂಡೆ ಕಣಮ್ಮಿ. ಯಳಂದೂರು ಸಂತೇಲಿ ನಿನ್ನ ಮೊದಲ ಸಲ ನೋಡ್ದಾಗ ನೀನು ಈ ಬಣ್ಣದ ಸೀರೆ ಉಟ್ಟಿದ್ದೆ. ನಿನಗಿಷ್ಟ ಅಂತ ಮೈಸೂರಿಂದ ತರ್ಸಿ ನಾನೇ ಬಳುದೆ.”

“ಮತ್ತೆ... ಮುಟ್ಬ್ಯಾಡ ಅಂತ ಗದರುದ್ರಿ?”

“ಧಾರೆ ಸೀರೆ ಕೆಡ್ತದಲ್ಲಾ ಅಂತ...”

ಚನ್ನಾಜಮ್ಮನಿಗೆ ಅಳು ಒತ್ತರಿಸಿ ಬಂತು. ಇಷ್ಟು ಪ್ರೀತಿ ಇಟ್ಟುಕೊಂಡವನು ಒಂದು ಮಾತು ಆಡಬಾರದಿತ್ತೇ!

ಸದಾಶಿವಪ್ಪ ಗಂಟು ಕಿತ್ತುಕೊಂಡು ತಾಯಿಯ ಎದುರು ನಿಂತ. “ಅವ್ವಾ, ಇವಳ ಕಾಲ್ಗುಣ ಅಲ್ಲ. ಉಳ ಕೊಂದೋನು ನಾನು. ಕಳ್ಸಾದಾದ್ರೆ ಇಬ್ರುನ್ನೂ ಕಳ್ಸು.”

ಶಿವರತ್ನಮ್ಮ ಸೊಸೆಯನ್ನು ನೋಡಿದರು, ಕಡುಹಸಿರು ಗೋಡೆಯನ್ನು ನೋಡಿದರು.

“ಗಾಡಿ ಬಿಚ್ಚುಸು,” ಅಂದರು ಕೊನೆಗೆ. “ತಟ್ಟೆ ಈಚ್ಗೆ ತಗೀರಿ.”

ಸಂಜೆಗೆ ಜಗುಲಿಯ ತಟ್ಟೆಗಳಲ್ಲಿ ಉಳಿದ ಹುಳುಗಳು ಸೊಪ್ಪು ಮೇಯುವ ಸದ್ದು ಮತ್ತೆ ಕೇಳಿಸಿತು.

“ಗೋಡೆಗೆ ಸುಣ್ಣ ಬಳುದ್ಬುಡ್ಲಾ?” ಮೆಲ್ಲಗೆ ಕೇಳಿದ ಸದಾಶಿವಪ್ಪ.

“ಬ್ಯಾಡ. ಉಳ ಗೂಡು ಕಟ್ಟೋಗಂಟ ಕೋಣೆ ಮುಚ್ಚಿರ್ಲಿ. ಆಮೇಲೆ ಅದು ನಂದು.”

“ಅಲ್ಲೀಗಂಟ ನಾನು?”

“ಜಗುಲೀಲಿ ಉಳ ಕಾಯ್ರಿ!”

“ಒಬ್ನೇನಾ...?”

ಚನ್ನಾಜಮ್ಮ ಸೊಪ್ಪಿನ ಮಂಕರಿ ಎತ್ತಿಕೊಂಡು ಅವನ ಪಕ್ಕದಲ್ಲೇ ಕುಳಿತಳು.

“ಸೊಪ್ಪು ಆಕಕ್ಕೆ ನಾನೂ ಇರ್ಬೇಕಲ್ಲಾ...”